ಗಾಳಿ ಇಳಿಸಿದರೆ ಹಿಡಿತ ಬರುವುದಿಲ್ಲ

ಸುಳ್ಯದಿಂದ ಬೆಳ್ಳಾರೆಗೆ ಹೋಗುವ ದಾರಿಯ ಐವರ್ನಾಡಿನಂಥ ಊರಿನಲ್ಲಿ ಟಯರಿನ ಗಾಳಿಯ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗುವುದು ಕಷ್ಟ. ತೋಟದ ಕೆಸರು ದಾರಿಯಲ್ಲಿ ಜೀಪು ಓಡಿಸಿದವರು, ಪಿಕಪ್ಪಿನಲ್ಲಿ ರಬ್ಬರ್ ಶೀಟು, ಅಡಿಕೆ ಮೂಟೆ ಹೇರಿಕೊಂಡು ಹೋಗುವವರು, ಬೆಂಗಳೂರಿನಲ್ಲಿ ಕೆಲಸ ಹಿಡಿದು ರಜೆಗೆ ಹೊಸ ಕಾರಿನಲ್ಲಿ ಬರುವ ಹುಡುಗರು, ಎಲ್ಲರೂ ಒಂದು ಮಾತಿಗೆ ತಲೆದೂಗುತ್ತಾರೆ: ರಸ್ತೆ ಗಟ್ಟಿಯಾಗಿ ಹಿಡಿಯಬೇಕಾದರೆ ಗಾಳಿ ಇಳಿಸಬೇಕು. ಈ ಹುಡುಗರಲ್ಲಿ ಕೆಲವರು ಈಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ತಮ್ಮದೇ ಕಾರು ಒಯ್ದು ಓಡಿಸುತ್ತಾರೆ. ಹೊರಡುವ ಮುನ್ನ ಪಂಕ್ಚರ್ ಅಂಗಡಿಯ ಮುಂದೆ ಕೇಳುವ ಮಾತು ಇದೇ: "ಅಣ್ಣಾ, ಟ್ರ್ಯಾಕಿಗೆ ಹೋಗ್ಲಿಕ್ಕುಂಟು, ನಾಲ್ಕಕ್ಕೂ ಗಾಳಿ ಸ್ವಲ್ಪ ಇಳಿಸಿ ಕೊಡಿ." ಅಂಗಡಿಯವರೂ ಮರುಮಾತಿಲ್ಲದೆ ಇಳಿಸಿ ಕೊಡುತ್ತಾರೆ.

ಈ ನಂಬಿಕೆ ತಪ್ಪು. ಅರ್ಧ ಸರಿ ಅರ್ಧ ತಪ್ಪು ಎಂದು ಹೇಳಿ ಜಾರಿಕೊಳ್ಳುವ ಮನಸ್ಸು ನನಗಿಲ್ಲ. ಅದರೊಳಗೆ ಒಂದು ಸತ್ಯದ ತುಣುಕು ಇದೆ, ಅದನ್ನು ಮುಂದೆ ಒಪ್ಪುತ್ತೇನೆ. ಆದರೆ ಆ ತುಣುಕನ್ನೇ ತಲೆಕೆಳಗಾಗಿ ಹಿಡಿದುಕೊಂಡಿರುವುದರಿಂದಲೇ ಟ್ರ್ಯಾಕಿನಲ್ಲಿ ಟಯರ್ ಹಾಳಾಗುತ್ತದೆ, ಮಳೆಗಾಲದ ನಮ್ಮ ಹೆದ್ದಾರಿಯಲ್ಲಿ ಜೀವ ಅಪಾಯಕ್ಕೆ ಬೀಳುತ್ತದೆ.

ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂದು ಹುಡುಕಲು ದೂರ ಹೋಗಬೇಕಿಲ್ಲ. ಜುಲೈ ತಿಂಗಳಲ್ಲಿ ತೋಟದ ದಾರಿ ಮೊಣಕಾಲುದ್ದ ಕೆಸರಾಗಿರುವಾಗ, ಜೀಪಿನ ಟಯರನ್ನು ಹದಿನೈದು ಹದಿನೆಂಟು ಪಿಎಸ್‌ಐಗೆ ಇಳಿಸಿದರೆ ಅದು ಅಗಲವಾಗಿ ಹರಡಿಕೊಂಡು ಕೆಸರಿನ ಮೇಲೆ ತೇಲಿಕೊಂಡು ಮೇಲೆ ಹತ್ತುತ್ತದೆ. ಇದು ನಿಜ. ಕೊಡಗಿನಲ್ಲಿ ಮಳೆಗಾಲದ ಜೀಪು ಸ್ಪರ್ಧೆಗಳನ್ನು ನೋಡಿದವರಿಗೆಲ್ಲ ಇದು ಗೊತ್ತು. ಆದರೆ ಅಲ್ಲಿ ಜೀಪು ಹೋಗುವುದು ನಡೆಯುವವನ ವೇಗದಲ್ಲಿ. ಟಯರಿನ ಕೆಳಗೆ ಇರುವುದು ಒತ್ತಿದರೆ ಜಗ್ಗುವ ಮಣ್ಣು. ನೆಲ ಮೆತ್ತಗಿದ್ದಾಗ ಭಾರವನ್ನು ಹರಡಿದರೆ ಹೂತುಹೋಗುವುದು ತಪ್ಪುತ್ತದೆ, ಅಷ್ಟೇ ಅದರ ಗುಟ್ಟು. ಡಾಂಬರು ಜಗ್ಗುವುದಿಲ್ಲ. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಿಂದ ಬ್ರೇಕ್ ಹಿಡಿದು ತಿರುವಿಗೆ ನುಗ್ಗಿದಾಗ ಕಾರಿನ ಭಾರದ ಬಹುಪಾಲು ಹೊರಬದಿಯ ಮುಂದಿನ ಒಂದೇ ಟಯರಿನ ಮೇಲೆ ಬಂದು ಕೂರುತ್ತದೆ. ಆಗ ಆ ಟಯರ್ ತನ್ನ ಆಕಾರ ಉಳಿಸಿಕೊಳ್ಳುವುದು ಒಳಗಿನ ಗಾಳಿಯ ಬಲದಿಂದ. ಗಾಳಿ ಕಡಿಮೆಯಾದರೆ ಸೈಡ್‌ವಾಲ್ ಮಡಚಿಕೊಳ್ಳುತ್ತದೆ, ಹಿಡಿತಕ್ಕೆಂದು ಮಾಡಿದ ಮಧ್ಯದ ರಬ್ಬರ್ ನೆಲದಿಂದ ಹಗುರಾಗುತ್ತದೆ, ಭುಜದ ಅಂಚು ನೆಲಕ್ಕೆ ಉಜ್ಜುತ್ತದೆ. ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ತಿರುಗಲು ತಡ ಮಾಡುತ್ತದೆ. ಕೆಸರಿನ ವಿದ್ಯೆಯನ್ನು ಡಾಂಬರಿಗೆ ತಂದವರು ನೆಲವನ್ನೇ ಮರೆತರು.

ಇದಕ್ಕೆ ಎದುರಾಗಿ ಬರುವ ಮೊದಲ ವಾದ, "ನೆಲ ಮುಟ್ಟುವ ಜಾಗ ದೊಡ್ಡದಾದರೆ ಹಿಡಿತ ಹೆಚ್ಚಲೇಬೇಕಲ್ಲ" ಎಂಬುದು. ಜಾಗ ದೊಡ್ಡದಾಗುವುದು ಹೌದು, ಆದರೆ ಆ ಜಾಗದ ಉದ್ದಗಲಕ್ಕೂ ಒತ್ತಡ ಸಮನಾಗಿ ಬೀಳುವುದಿಲ್ಲ. ಗಾಳಿ ಕಡಿಮೆಯಾದಾಗ ಭಾರವೆಲ್ಲ ಎರಡು ಅಂಚುಗಳಿಗೆ ಹೋಗಿ ನಡು ಹಗುರವಾಗುತ್ತದೆ. ಇದು ಕಣ್ಣಿಗೇ ಕಾಣುತ್ತದೆ. ಮೂರು ನಾಲ್ಕು ಸುತ್ತು ಓಡಿಸಿ ನಿಲ್ಲಿಸಿದ ಕೂಡಲೇ ಟಯರಿನ ಮೇಲ್ಮೈಯ ಒಳಬದಿ, ನಡು, ಹೊರಬದಿ ಮೂರು ಕಡೆ ಪೈರೋಮೀಟರಿನ ಸೂಜಿ ಚುಚ್ಚಿ ಉಷ್ಣತೆ ನೋಡಿದರೆ, ಎರಡು ಅಂಚು ಬಿಸಿಯಾಗಿ ನಡು ತಣ್ಣಗಿದ್ದರೆ ಗಾಳಿ ಕಡಿಮೆ, ನಡು ಬಿಸಿಯಾಗಿದ್ದರೆ ಹೆಚ್ಚು. ಪೈರೋಮೀಟರ್ ಇಲ್ಲದವರಿಗೆ ಶಾಲೆಯ ಸೀಮೆಸುಣ್ಣ ಸಾಕು. ಓಡುವ ಮುನ್ನ ಟಯರಿನ ಭುಜದಿಂದ ಸೈಡ್‌ವಾಲಿಗೆ ಅಡ್ಡವಾಗಿ ಒಂದು ಗೆರೆ ಎಳೆಯಬೇಕು. ಅನೇಕ ಟಯರುಗಳಲ್ಲಿ ಭುಜದ ಹತ್ತಿರ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸುತ್ತು ಮುಗಿಸಿ ಬಂದಾಗ ಸುಣ್ಣ ಆ ತ್ರಿಕೋನದ ತುದಿಯವರೆಗೆ ಅಳಿಸಿಹೋಗಿದ್ದರೆ ಸರಿ. ಅದನ್ನೂ ದಾಟಿ ಸೈಡ್‌ವಾಲಿನ ಅಕ್ಷರಗಳವರೆಗೆ ಅಳಿಸಿದ್ದರೆ ಟಯರ್ ಮಗುಚಿಕೊಂಡು ಓಡಿದೆ ಎಂದರ್ಥ. ಗಾಳಿ ಇಳಿಸಿ ಓಡಿದ ಕಾರುಗಳ ಮುಂದಿನ ಟಯರಿನಲ್ಲಿ ಕಂಪನಿಯ ಹೆಸರಿನ ಅಕ್ಷರಗಳೇ ತರಚಿ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಹಿಡಿತ ಬಂತೆಂದು ಹೇಳುವವರು ಮೊದಲು ಬಗ್ಗಿ ಆ ಅಕ್ಷರಗಳನ್ನು ನೋಡಲಿ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ: "ಫಾರ್ಮುಲಾ ವನ್‌ನವರೇ ಇಪ್ಪತ್ತು ಪಿಎಸ್‌ಐ ಆಸುಪಾಸಿನಲ್ಲಿ ಓಡಿಸುತ್ತಾರಲ್ಲ, ಅವರಿಗಿಂತ ನಿಮಗೆ ಹೆಚ್ಚು ಗೊತ್ತೇ?" ಓಡಿಸುತ್ತಾರೆ. ಆದರೆ ಆ ಟಯರಿನ ಕವಚ, ಕಾರಿನ ಭಾರ, ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲ ಯಾವುದೂ ನಮ್ಮ ಸ್ವಿಫ್ಟಿಗೋ ಐ20ಗೋ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಫಾರ್ಮುಲಾ ವನ್ನಿನ ಕತೆಯನ್ನು ಪೂರ್ತಿ ಓದಿದವರು ಅದನ್ನು ಗಾಳಿ ಇಳಿಸುವುದರ ಪರವಾಗಿ ಎತ್ತಲಾರರು. 2013ರ ಜೂನ್ 30ರಂದು ಸಿಲ್ವರ್‌ಸ್ಟೋನಿನಲ್ಲಿ ನಡೆದ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಹ್ಯಾಮಿಲ್ಟನ್, ಮಾಸ್ಸಾ, ವೆರ್ನ್ ಮುಂತಾದವರ ಟಯರುಗಳು ಒಂದರ ಹಿಂದೊಂದು ಓಡುತ್ತಿರುವಾಗಲೇ ಸಿಡಿದವು. ತಯಾರಕರಾದ ಪಿರೆಲ್ಲಿ ಕೊಟ್ಟ ಕಾರಣಗಳಲ್ಲಿ ತಾನು ಹೇಳಿದ್ದಕ್ಕಿಂತ ಕಡಿಮೆ ಗಾಳಿಯಲ್ಲಿ ತಂಡಗಳು ಓಡಿಸಿದ್ದೂ ಒಂದು. ಅಲ್ಲಿಂದ ಮುಂದೆ ಕನಿಷ್ಠ ಒತ್ತಡ ಬರೀ ಸಲಹೆಯಾಗಿ ಉಳಿಯಲಿಲ್ಲ, ಕಟ್ಟುನಿಟ್ಟಾಯಿತು. ಜಗತ್ತಿನ ಅತಿ ಜಾಣ ಎಂಜಿನಿಯರುಗಳ ಕೈಯನ್ನು ಹಿಡಿದು "ಇದಕ್ಕಿಂತ ಕೆಳಗೆ ಬೇಡ" ಎಂದು ಹೇಳಬೇಕಾದ ಆಟದಿಂದ ನಾವು ಕಲಿಯಬೇಕಾದ್ದು ಯಾವ ಪಾಠ?

ಎರಡು ವರ್ಷದ ನಂತರ, 2015ರ ಮೊಂಜಾ ಓಟದಲ್ಲಿ ಇನ್ನೂ ದೊಡ್ಡ ಪಾಠ ಸಿಕ್ಕಿತು. ಹ್ಯಾಮಿಲ್ಟನ್ ಗೆದ್ದ ಮೇಲೆ ತಿಳಿದದ್ದೇನೆಂದರೆ, ಓಟ ಶುರುವಾಗುವ ಮುನ್ನ ಅಳೆದಾಗ ಅವನ ಹಿಂದಿನ ಎಡ ಟಯರ್ ನಿಗದಿಯಾದ 19.5 ಪಿಎಸ್‌ಐಗಿಂತ 0.3ರಷ್ಟು ಕೆಳಗಿತ್ತು. ಜೊತೆಗಾರ ರೋಸ್‌ಬರ್ಗನ ಟಯರ್ 1.1ರಷ್ಟು ಕೆಳಗಿತ್ತು. ಗೆಲುವು ಕೈತಪ್ಪುವ ಮಾತು ಬಂತು. ತೀರ್ಪುಗಾರರು ವಿಚಾರಿಸಿ ಬಿಟ್ಟುಕೊಟ್ಟರು. ಕಾರಣ ಗಮನಿಸಿ: ಟಯರ್ ಹಾಕುವಾಗ ಒತ್ತಡ ಸರಿಯಾಗಿಯೇ ಇತ್ತು, ಅಳೆಯುವ ಹೊತ್ತಿಗೆ ಟಯರನ್ನು ಬಿಸಿಯಾಗಿಡುವ ಹೊದಿಕೆಯ ವಿದ್ಯುತ್ ಕಡಿದು ಟಯರ್ ತಣ್ಣಗಾಗಿತ್ತು, ತಣ್ಣಗಾದ್ದರಿಂದ ಅಂಕಿ ಇಳಿದಿತ್ತು. ಉಷ್ಣತೆ ಹೇಳದೆ ಒತ್ತಡ ಹೇಳಿದರೆ ಆ ಅಂಕಿಗೆ ಅರ್ಥವಿಲ್ಲ ಎಂಬುದನ್ನು ಒಂದು ಗ್ರ್ಯಾನ್ ಪ್ರಿಯ ಗೆಲುವೇ ಸಾಕ್ಷಿಯಾಗಿ ನಿಂತು ಹೇಳಿತು.

ಬೈಕಿನ ಓಟ ನೋಡುವವರಿಗೂ ಇದು ಹೊಸದಲ್ಲ. 2025ರ ಮಾರ್ಚ್ 2ರಂದು ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಮುಂದೆ ಓಡುತ್ತಿದ್ದ ಮಾರ್ಕ್ ಮಾರ್ಕೆಜ್ ಬೇಕೆಂದೇ ನಿಧಾನ ಮಾಡಿ ತಮ್ಮ ಅಲೆಕ್ಸ್‌ಗೆ ದಾರಿ ಬಿಟ್ಟುಕೊಟ್ಟ. ಮುಂದಿನ ಟಯರಿನ ಒತ್ತಡ ನಿಯಮದ ಕನಿಷ್ಠಕ್ಕಿಂತ ಇಳಿದಿತ್ತು. ಇನ್ನೊಂದು ಬೈಕಿನ ಬೆನ್ನಿಗೆ ಅಂಟಿಕೊಂಡು ಅದರ ಬಿಸಿಗಾಳಿಯಲ್ಲಿ ಓಡಿದರೆ ಟಯರ್ ಬಿಸಿಯೇರಿ ಒತ್ತಡ ಮೇಲೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಮತ್ತೆ ಮುಂದೆ ಹೋಗಿ ಗೆದ್ದ.

ಹಾಗಾದರೆ ನಾನು ಒಪ್ಪುವ ಸತ್ಯದ ತುಣುಕು ಯಾವುದು? ಟ್ರ್ಯಾಕಿಗೆ ಹೋಗುವ ಅನುಭವಿಗಳು ಬೆಳಿಗ್ಗೆ ತಣ್ಣಗಿನ ಟಯರಿಗೆ ಮಾಮೂಲಿಗಿಂತ ಸ್ವಲ್ಪ ಕಡಿಮೆ ಗಾಳಿ ಇಟ್ಟು ಹೊರಡುತ್ತಾರೆ ಎಂಬುದು. ನಮ್ಮ ಹುಡುಗರು ನೋಡಿದ್ದು ಇದನ್ನು, ಕಲಿತದ್ದು ಬೇರೆಯದನ್ನು. ಅನುಭವಿ ಗಾಳಿ ಇಳಿಸುತ್ತಿಲ್ಲ. ಬಿಸಿಯಾದ ಮೇಲೆ ಬೇಕಾದ ಒತ್ತಡವನ್ನು ಮೊದಲು ನಿಶ್ಚಯಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಬಿಸಿಯಿಂದ ಏರುವಷ್ಟನ್ನು ಮುಂಚಿತವಾಗಿ ಕಳೆಯುತ್ತಿದ್ದಾನೆ. ಆರಿಸಬೇಕಾದದ್ದು ಬಿಸಿ ಒತ್ತಡ. ತಣ್ಣಗಿನ ಅಂಕಿ ಅದರ ಉಪಲೆಕ್ಕ ಮಾತ್ರ. ಈ ಒಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಲೆಕ್ಕ ಪಿಯುಸಿಯ ಭೌತಶಾಸ್ತ್ರದ್ದೇ. ಟಯರಿನ ಗಾತ್ರ ಹೆಚ್ಚು ಬದಲಾಗದ್ದರಿಂದ ಒಳಗಿನ ಒತ್ತಡ ಉಷ್ಣತೆಯ ಜೊತೆ ನೇರವಾಗಿ ಏರುತ್ತದೆ. ಗೇಜಿನ ಅಂಕಿಗೆ ವಾತಾವರಣದ 14.7 ಕೂಡಿಸಬೇಕು, ಸೆಲ್ಸಿಯಸ್‌ಗೆ 273 ಕೂಡಿಸಬೇಕು, ಅಷ್ಟೇ. ರಸ್ತೆಯ ಮಾಮೂಲಿ ಟಯರಿನಲ್ಲಿ ಬಿಸಿಯಾದಾಗ 36 ಪಿಎಸ್‌ಐ ಬೇಕೆಂದು ಇಟ್ಟುಕೊಳ್ಳೋಣ. ಬೆಳಿಗ್ಗೆ ಉಷ್ಣತೆ 27 ಡಿಗ್ರಿ. ಬಿಸಿಲಿನ ದಿನ ಟ್ರ್ಯಾಕಿನಲ್ಲಿ ಟಯರಿನ ಒಳಗಾಳಿ 77 ಡಿಗ್ರಿಗೆ ಏರುತ್ತದೆ ಎನ್ನೋಣ. ಹಿಂದಕ್ಕೆ ಲೆಕ್ಕ ಹಾಕಿದರೆ ತಣ್ಣಗೆ 29 ಇಡಬೇಕು. ಅದೇ ಟ್ರ್ಯಾಕಿನಲ್ಲಿ ಮಳೆ ಸುರಿದರೆ ನೀರು ಟಯರನ್ನು ತಣಿಸುತ್ತಲೇ ಇರುತ್ತದೆ, ಒಳಗಾಳಿ 47 ಡಿಗ್ರಿಗೆ ನಿಲ್ಲಬಹುದು. ಆಗ ಅದೇ 36 ತಲುಪಲು ತಣ್ಣಗೆ 33 ಬೇಕು. ಅಂದರೆ ಮಳೆ ಬಂದರೆ ಗಾಳಿ ನಾಲ್ಕು ಪಿಎಸ್‌ಐ ಹೆಚ್ಚಿಸಬೇಕು. ನಮ್ಮಲ್ಲಿ ಮಳೆ ಬಂತೆಂದರೆ ಕೈ ಹೋಗುವುದು ವಾಲ್ವಿನಿಂದ ಗಾಳಿ ಬಿಡಲು. ನಂಬಿಕೆ ಸತ್ಯದ ಎದುರು ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂದು ನಾನು ಹೇಳುವುದು ಇದಕ್ಕೆ.

ತಣ್ಣಗಿರುವಾಗ ಅಳೆಯಬೇಕೆಂಬ ವಿವೇಕ ನಮ್ಮ ಊರಿನವರಿಗೆ ಪರಕೀಯವೇನಲ್ಲ. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ದುಡಿಮೆ ಕೊಟ್ಟ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಸುಳ್ಯ ತಾಲೂಕಿನಲ್ಲಿವೆ, ಖಾಸಗಿ ತೋಟಗಳಂತೂ ಗುಡ್ಡ ಗುಡ್ಡದಲ್ಲೂ ಇವೆ. ಅಲ್ಲಿ ಟ್ಯಾಪಿಂಗ್ ಮಾಡುವವರು ತಲೆಗೆ ದೀಪ ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಮರದ ಬುಡದಲ್ಲಿರುತ್ತಾರೆ. ಹಾಲು ಹರಿಯುವುದು ಮರದ ತೊಗಟೆಯೊಳಗಿನ ಒತ್ತಡದಿಂದ, ಬಿಸಿಲೇರಿ ಎಲೆಗಳು ನೀರು ಬಿಡಲು ಶುರು ಮಾಡಿದರೆ ಆ ಒತ್ತಡ ಇಳಿಯುತ್ತದೆ, ಹಾಲೂ ಕಡಿಮೆಯಾಗುತ್ತದೆ. ಮರದ ಒತ್ತಡಕ್ಕೆ ಹೊತ್ತುಗೊತ್ತು ಉಂಟೆಂದು ಅರಿತವರು, ಅದೇ ಮರದ ಹಾಲಿನಿಂದಾದ ಟಯರಿನ ಒತ್ತಡವನ್ನು ಮಾತ್ರ ಸುಳ್ಯದಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದು, ಅಂಗಡಿ ಮುಂದೆ ನಿಲ್ಲಿಸಿ, ಬಿಸಿಬಿಸಿ ಟಯರಿನಲ್ಲಿ ಅಳೆದು "ಹೆಚ್ಚಾಗಿದೆ, ಬಿಡಿ" ಎನ್ನುತ್ತಾರೆ. ಆ ಹೆಚ್ಚಳ ಬಿಸಿಯದ್ದು, ಗಾಳಿಯದ್ದಲ್ಲ. ಮರುದಿನ ಬೆಳಿಗ್ಗೆ ಆ ಕಾರು ನಾಲ್ಕೈದು ಪಿಎಸ್‌ಐ ಕಡಿಮೆಯಲ್ಲಿ ನಿಂತಿರುತ್ತದೆ.

ಮಳೆಯ ಮಾತು ಇನ್ನೂ ಮುಗಿದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಹತ್ತುವ ಹೆದ್ದಾರಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ನಿಲ್ಲದ ದಿನವಿಲ್ಲ. ಟಯರ್ ನೀರಿನ ಮೇಲೆ ತೇಲಿ ನೆಲದ ಸಂಪರ್ಕ ಕಳೆದುಕೊಳ್ಳುವುದು ಯಾವ ವೇಗದಲ್ಲಿ ಎಂಬುದನ್ನು ಅಮೆರಿಕದ ನಾಸಾ ಸಂಸ್ಥೆಯಲ್ಲಿ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ವಿಮಾನದ ಟಯರುಗಳ ಮೇಲೆ ಪರೀಕ್ಷಿಸಿ 1963ರಲ್ಲಿ ಪ್ರಕಟಿಸಿದರು. ಅವರು ಕಂಡ ಸೂತ್ರದ ಪ್ರಕಾರ ಆ ವೇಗ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಸವೆದ ಟಯರಿನಲ್ಲಿ 36 ಪಿಎಸ್‌ಐ ಇದ್ದರೆ ಗಂಟೆಗೆ 100 ಕಿಲೋಮೀಟರ್ ಸುಮಾರಿಗೆ ತೇಲುವುದು, 25ಕ್ಕೆ ಇಳಿಸಿದರೆ 83ಕ್ಕೇ. ಗೀರು ಆಳವಾಗಿರುವ ಈಗಿನ ಟಯರುಗಳಲ್ಲಿ ಅಂಕಿಗಳು ಬದಲಾಗುತ್ತವೆ, ದಿಕ್ಕು ಬದಲಾಗುವುದಿಲ್ಲ. ಗಾಳಿ ಇಳಿಸಿದವನು ನೀರಿಗೆ ತನ್ನನ್ನು ಹದಿನೇಳು ಕಿಲೋಮೀಟರ್ ಮುಂಚಿತವಾಗಿ ಒಪ್ಪಿಸಿಕೊಳ್ಳುತ್ತಾನೆ. "ಮಳೆಗೆ ಗಾಳಿ ಇಳಿಸಿ ಓಡಿಸಿ" ಎಂದು ಹಿರಿಯರು ಕಿರಿಯರಿಗೆ ಕಾಳಜಿಯಿಂದಲೇ ಹೇಳುತ್ತಾರೆ. ಕಾಳಜಿಯಿಂದ ಹೇಳಿದ್ದು ಎಂಬ ಕಾರಣಕ್ಕೆ ಅಪಾಯದ ಮಾತು ಒಳ್ಳೆಯದಾಗುವುದಿಲ್ಲ. ಅದನ್ನು ನಿಲ್ಲಿಸಬೇಕು.

ಕಡಿಮೆ ಗಾಳಿಯಿಂದ ಏನಾಗಬಹುದೆಂಬುದಕ್ಕೆ ಅಮೆರಿಕ ದೊಡ್ಡ ಬೆಲೆ ತೆತ್ತಿದೆ. 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ಹಿಂದಕ್ಕೆ ಪಡೆಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಓಡುತ್ತಿರುವಾಗಲೇ ಟಯರಿನ ಮೇಲ್ಪದರ ಕಳಚಿ ಗಾಡಿ ಮಗುಚಿ ಒಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಟಯರಿನ ತಯಾರಿಕೆಯ ದೋಷದ ಜೊತೆಗೆ ಚರ್ಚೆಯ ಕೇಂದ್ರಕ್ಕೆ ಬಂದದ್ದು ಫೋರ್ಡ್ ಹೇಳಿದ್ದ 26 ಪಿಎಸ್‌ಐ. ಫೈರ್‌ಸ್ಟೋನ್ 30 ಇರಬೇಕೆಂದಿತು. ಕಡಿಮೆ ಗಾಳಿಯ ಟಯರ್ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಪದರಗಳ ಬೆಸುಗೆ ಸೋಲುತ್ತದೆ. ಆ ವರ್ಷವೇ ಅಲ್ಲಿ ಹೊಸ ಕಾನೂನು ಬಂತು, ಅದರ ಫಲವಾಗಿ ಗಾಳಿ ಇಳಿದರೆ ಎಚ್ಚರಿಸುವ ಸಾಧನ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಟ್ರ್ಯಾಕಿನಲ್ಲಿ ನಾವು ಟಯರಿಗೆ ಕೊಡುವ ಹಿಂಸೆ ಹೆದ್ದಾರಿಯದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಎದುರು ತಪ್ಪನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಪಿಕಪ್ಪಿನವರಲ್ಲಿ ಅದೂ ಇದೆ: ಟಯರಿನ ಮೇಲೆ ಅಚ್ಚಾಗಿರುವ 44 ಅಥವಾ 51 ಎಂಬ ಅಂಕಿ ತುಂಬಬೇಕಾದ ಒತ್ತಡವೆಂದು ತಿಳಿಯುವುದು. ಅದು ಆ ಟಯರ್ ತಾಳುವ ಗರಿಷ್ಠ ಮಿತಿ. ನಿಮ್ಮ ಗಾಡಿಗೆ ಬೇಕಾದ ಅಂಕಿ ಚಾಲಕನ ಬಾಗಿಲ ಕಂಬದ ಫಲಕದಲ್ಲಿದೆ. ಕಲ್ಲಿನಷ್ಟು ಗಟ್ಟಿಯಾದ ಟಯರ್ ಉಬ್ಬಿ ನಡುವಿನಲ್ಲಿ ಮಾತ್ರ ನೆಲ ಮುಟ್ಟುತ್ತದೆ, ತಿರುವಿನಲ್ಲಿ ಜಾರುತ್ತದೆ.

ನೈಟ್ರೋಜನ್ ತುಂಬಿಸಿದರೆ ಈ ಗೊಡವೆಯೇ ಇಲ್ಲ ಎನ್ನುವವರು ಇದ್ದಾರೆ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್. ಬಿಸಿಗೆ ಎರಡೂ ಒಂದೇ ರೀತಿ ಹಿಗ್ಗುತ್ತವೆ. ರೇಸಿನವರು ನೈಟ್ರೋಜನ್ ಬಳಸುವುದು ಅದು ಒಣಗಿರುತ್ತದೆ ಎಂಬ ಕಾರಣಕ್ಕೆ. ನಮ್ಮ ಕಡೆಯ ಆರ್ದ್ರ ಹವೆಯಲ್ಲಿ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೆಳಗಿನ ತಿರುಪು ಸಡಿಲಿಸಿದರೆ ತುಕ್ಕಿನ ಬಣ್ಣದ ನೀರು ಚಿಮ್ಮುವುದನ್ನು ಯಾರು ಬೇಕಾದರೂ ನೋಡಬಹುದು. ಆ ನೀರಿನ ಅಂಶ ಟಯರಿಗೆ ಹೋದರೆ ಬಿಸಿಯಾದಾಗ ಆವಿಯಾಗಿ ಒತ್ತಡ ಲೆಕ್ಕ ಮೀರಿ ಏರುತ್ತದೆ. ಹಾಗಾಗಿ ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸುವ ಬದಲು, ದಿನಾ ನೀರು ಇಳಿಸುವ ಅಂಗಡಿಯಲ್ಲಿ ಗಾಳಿ ಹಾಕಿಸಿದರೆ ನಮ್ಮಂಥವರಿಗೆ ಸಾಕು. ಇನ್ನೊಂದು ವಿಷಯ: ಎರಡು ಅಂಗಡಿಯ ಎರಡು ಗೇಜು ಒಂದೇ ಅಂಕಿ ತೋರಿಸುವುದು ಅಪರೂಪ. ಟ್ರ್ಯಾಕಿಗೆ ಹೋಗುವವನ ಬಳಿ ತನ್ನದೇ ಒಂದು ಗೇಜು ಇರಬೇಕು, ಎಲ್ಲ ಅಳತೆಯೂ ಅದರಲ್ಲೇ ಆಗಬೇಕು.

ನಾಲ್ಕು ಟಯರಿಗೂ ಒಂದೇ ಅಂಕಿ ಕೇಳುವುದೂ ಈ ನಂಬಿಕೆಯ ಮಗುವೇ. ಪ್ರದಕ್ಷಿಣೆಯಾಗಿ ಓಡುವ ಟ್ರ್ಯಾಕಿನಲ್ಲಿ ಬಲ ತಿರುವುಗಳು ಹೆಚ್ಚು. ಭಾರ ಎಡಗಡೆಯ ಟಯರುಗಳ ಮೇಲೆ ಬೀಳುತ್ತದೆ, ಅವೇ ಹೆಚ್ಚು ಬಿಸಿಯಾಗುತ್ತವೆ. ಬಿಸಿಯಾದ ಮೇಲೆ ಎಡ ಬಲ ಸಮ ಆಗಬೇಕಾದರೆ ತಣ್ಣಗಿರುವಾಗ ಎಡಕ್ಕೆ ಬಲಕ್ಕಿಂತ ಕಡಿಮೆ ಇಡಬೇಕು. ಎಷ್ಟು ಕಡಿಮೆ ಎಂಬುದನ್ನು ಆ ಕಾರು, ಆ ಟ್ರ್ಯಾಕು, ಆ ದಿನದ ಬಿಸಿಲು ಹೇಳಬೇಕು. ಪ್ರತಿ ಓಟ ಮುಗಿದ ತಕ್ಷಣ ನಾಲ್ಕೂ ಟಯರು ಅಳೆದು ಬರೆದಿಟ್ಟುಕೊಳ್ಳದವನಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ.

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಟ್ರ್ಯಾಕಿನ ಓಟವಲ್ಲ, ಅಲ್ಲಿಂದ ಮನೆಗೆ ಬರುವ ದಾರಿ. ದಿನವಿಡೀ ಓಡಿಸುತ್ತಾ ಬಿಸಿ ಟಯರಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು ಸಂಜೆಗೆ 34ಕ್ಕೆ ತಂದು ನಿಲ್ಲಿಸಿರುತ್ತಾರೆ. ಗೇಜಿನಲ್ಲಿ 34 ಕಂಡಿತೆಂದು ಸಮಾಧಾನ. ಆದರೆ ಅದು 77 ಡಿಗ್ರಿಯ 34. ಊಟ ಮುಗಿಸಿ, ಟಯರ್ ರಾತ್ರಿಯ ತಂಪಿಗೆ ಇಳಿದ ಮೇಲೆ ಅದೇ ಟಯರಿನಲ್ಲಿ ಉಳಿಯುವುದು 26 ಅಥವಾ 27. ಆ ಗಾಳಿಯಲ್ಲಿ ನಾಲ್ಕು ಜನ, ಹಿಂದೆ ಸಾಮಾನು, ಇಡೀ ದಿನ ಹಿಂಸೆ ಪಟ್ಟ ರಬ್ಬರ್, ಪಾಲಕ್ಕಾಡ್ ಕಡೆಯಿಂದ ಬಂದು ಜಾಲ್ಸೂರಿನಲ್ಲಿ ಗಡಿ ದಾಟುವವರೆಗೆ ರಾತ್ರಿಯ ಹೆದ್ದಾರಿ. ಟ್ರ್ಯಾಕಿನಲ್ಲಿ ಟಯರ್ ಕೈಕೊಟ್ಟರೆ ಪಕ್ಕದಲ್ಲಿ ಖಾಲಿ ಜಾಗ ಇರುತ್ತದೆ, ಆಂಬುಲೆನ್ಸ್ ನಿಂತಿರುತ್ತದೆ. ಹೆದ್ದಾರಿಯಲ್ಲಿ ಎದುರಿಗೆ ಲಾರಿ ಇರುತ್ತದೆ.

ಆದ್ದರಿಂದ ಟ್ರ್ಯಾಕಿನ ಗೇಟು ದಾಟಿದ ಕೂಡಲೇ ಸಿಗುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ. ಅಲ್ಲಿ ಗಾಳಿಗೆ ದುಡ್ಡು ಕೊಡಬೇಕಿಲ್ಲ. ಟಯರ್ ಇನ್ನೂ ಬೆಚ್ಚಗಿದ್ದರೆ ಬಾಗಿಲಿನ ಫಲಕದ ಅಂಕಿಗಿಂತ ಮೂರು ನಾಲ್ಕು ಹೆಚ್ಚೇ ಹಾಕಿಸಿ, "ಜಾಸ್ತಿ ಆಯ್ತು" ಎಂದು ಯಾರು ಹೇಳಿದರೂ ಬಿಡಿಸಬೇಡಿ. ಮರುದಿನ ಬೆಳಿಗ್ಗೆ, ಗಾಡಿ ಅಂಗಳದಿಂದ ಹೊರಡುವ ಮೊದಲು, ನಿಮ್ಮ ಗೇಜಿನಲ್ಲಿ ಅಳೆದು ಫಲಕದ ಅಂಕಿಗೆ ಸರಿ ಮಾಡಿಕೊಳ್ಳಿ.